ಭಾವನ ಪುಡಿ

ಮುಷ್ಟಿಯ ಕೆಳಗೆ ಚರ್ಮ ತಣ್ಣಗಿದೆ, ಎಡ ಪಕ್ಕೆಯ ಈ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದರೆ ಆರೋಗ್ಯದ ಹಸುವಿನ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಕೈಯನ್ನು ಮೇಲೆತ್ತುತ್ತದೆ, ಗಡಿಯಾರ ನೋಡುತ್ತಿದ್ದೇನೆ, ಐದು ನಿಮಿಷ, ಒಂದೂ ಇಲ್ಲ, ಡಾಕ್ಟರು ನಳಿಗೆಯಲ್ಲಿ ಅಡಿಗೆ ಸೋಡಾದ ನೀರು ಇಳಿಸಿ ಕೈ ತೊಳೆಯುತ್ತಿದ್ದಾರೆ, ಉಶೀರ್ ಝಾಲಾ ಶೆಟ್ಟಿ, ಮರಾಠಿಯಲ್ಲಿ ಹೇಳಿದರು, ತಡವಾಯಿತಂತೆ, ಈ ಕಲ್ಯಾಣದವರಿಗೆ ಉಡುಪಿಯವರೆಲ್ಲ ಶೆಟ್ಟಿಗಳೇ, ನಾನು ಶೆಟ್ಟಿಯಲ್ಲ, ಹೋಟೆಲಿನವನೂ ಅಲ್ಲ, ರಬಾಳೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಪಶು ಆಹಾರ ಪರೀಕ್ಷಿಸುವ ಪುಂಡರೀಕಾಕ್ಷ — ಹೋಟೆಲು ಹೆಂಡತಿಯ ತಮ್ಮ ಕಶ್ಯಪನದು, ಡೊಂಬಿವಲಿಯಲ್ಲಿ, ಕಾಫಿಯ ಹಾಲಿಗೆಂದು ಈ ತಬೇಲದಲ್ಲಿ, ದನದ ಕೊಟ್ಟಿಗೆಯಲ್ಲಿ, ಅವನು ಕಟ್ಟಿದ ಒಂದೇ ಹಸು ಈ ಚಿಕ್ಕಿ, ಏಳು ತಿಂಗಳ ಗಬ್ಬ, ಇವಳಿಗೆ ಲ್ಯಾಬಿನ ಪುಡಿ ತಂದುಕೊಟ್ಟವನು ನಾನು, ಬೆಳ್ಳುಳ್ಳಿ, ದಾಲ್ಚಿನ್ನಿಗಳ ಸಾರ, ದಿನಕ್ಕೆ ಹದಿನೈದು ಗ್ರಾಂ, ಜೀರ್ಣಕ್ಕೆ ಒಳ್ಳೆಯದು ಎಂದಿದ್ದೆ, ಕಶ್ಯಪ ನಕ್ಕಿದ್ದ, ಅಲ್ಲ ಭಾವ, ನನ್ನ ಹೋಟೆಲಿನ ಹೊಸ್ತಿಲು ದಾಟದ ಬೆಳ್ಳುಳ್ಳಿಯನ್ನು ದನದ ಹೊಟ್ಟೆಗೆ ಸೇರಿಸಿದಿರಲ್ಲ ಮಾರಾಯ್ರೆ, ನಾಳೆ ಕಾಫಿಗೆ ಒಗ್ಗರಣೆ ವಾಸನೆ ಬಂದ್ರೆ ಗಿರಾಕಿಗಳಿಗೆ ನೀವೇ ಉತ್ತರ ಕೊಡ್ಬೇಕು.

ಲ್ಯಾಬಿನ ಬಾಟಲಿಗಳಲ್ಲಿ ಹಸುವಿನ ಹೊಟ್ಟೆಯಿಂದ ತೆಗೆದ ರಸ, ಮೂವತ್ತೊಂಬತ್ತು ಡಿಗ್ರಿ, ಇಪ್ಪತ್ತನಾಲ್ಕು ಗಂಟೆ, ಸಾರ ಹಾಕಿದ ಬಾಟಲಿಯಲ್ಲಿ ಗ್ಯಾಸ್ ಕಡಿಮೆ, ಅಂಕಿಗಳು ಸರಿಯಾಗಿಯೇ ಇದ್ದವು, ಆದರೆ ಒಳಗೆ ಹಾಕಿದ್ದು ಅರ್ಧ ಗ್ರಾಂ ಒಣಹುಲ್ಲಿನ ಪುಡಿ, ಹೊಟ್ಟೆಯಲ್ಲಿ ಬೇಗ ಹುಳಿಯೇರುವ ಅಕ್ಕಿಯಲ್ಲ, ಅಕ್ಕಿಯ ಮೇಲೆ ನಾವು ಯಾವತ್ತೂ ಪರೀಕ್ಷೆ ಮಾಡಿರಲಿಲ್ಲ, ಅದು ನನಗೆ ಗೊತ್ತಿತ್ತು, ನಿನ್ನೆಯೂ ಗೊತ್ತಿತ್ತು — ನಿನ್ನೆ ಗೋಪೂಜೆ, ಹೋಟೆಲಿಗೆ ರಜೆ, ಗೋವಿಗೆ ಬಡಿಸದೆ ನಾವು ಉಣ್ಣುವುದಿಲ್ಲ, ಹೆಂಡತಿ ಸತ್ಯಭಾಮಾ ಚಿಕ್ಕಿಯ ಹಣೆಗೆ ಕುಂಕುಮ ಹಚ್ಚಿ ಬಾಳೆಎಲೆಯಲ್ಲಿ ಎರಡು ದೋಸೆ, ಬೆಲ್ಲ ಇಟ್ಟಳು, ಅಷ್ಟಕ್ಕೇ ನಿಂತಿದ್ದರೆ, ಕಶ್ಯಪ ಹೋಟೆಲಿನಲ್ಲಿ ಮೊನ್ನೆ ಉಳಿದ ದೋಸೆ ಹಿಟ್ಟನ್ನೂ ಹೊತ್ತು ತಂದಿದ್ದ, ತುಂಬಿದ ಬಕೆಟ್, ನಾಳೆಗೆ ಹುಳಿಯಾಗ್ತದೆ ಭಾವ, ಹಬ್ಬದ ದಿನ ಮೋರಿಗೆ ಚೆಲ್ಲಲಿಕ್ಕೆ ಮನಸ್ಸು ಬರುವುದಿಲ್ಲ, ಇವಳಿಗೆ ಕೊಡಬಹುದಾ, ಇಷ್ಟೂ ಯಾಕೋ ಎಂದಳು ಸತ್ಯಭಾಮಾ, ನೀನು ಸುಮ್ಮನಿರಕ್ಕ, ಭಾವನ ಪುಡಿ ಉಂಟಲ್ಲ, ಇಬ್ಬರೂ ನನ್ನ ಮುಖ ನೋಡಿದರು, ಹನ್ನೊಂದು ವರ್ಷದಲ್ಲಿ ಮನೆಯವರು ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ, ಕೊಡು, ಪುಡಿ ನೋಡಿಕೊಳ್ತದೆ, ಎಂದೆ.

ಹಿಟ್ಟು ಹೊಟ್ಟೆಯಲ್ಲಿ ಹುಳಿಯಾಯಿತು, ಹುಳಿ ಏರಿ ಹೊಟ್ಟೆ ನಿಂತಿತು, ಬೇರೆಯವರ ಹಸುವಾಗಿದ್ದರೆ ಎರಡು ಸಾಲಿನಲ್ಲಿ ವರದಿ ಬರೆದು ಸಹಿ ಹಾಕುತ್ತಿದ್ದೆ, ಡಾಕ್ಟರು ಒಳಗಿನ ಕರುವನ್ನು ಮುಟ್ಟಿ ನೋಡದೆಯೇ ಚೀಲ ಮುಚ್ಚುತ್ತಿದ್ದಾರೆ, ಸತ್ಯಭಾಮಾ ಗೋಡೆಯ ಕಡೆ ತಿರುಗಿ ನಿಂತಿದ್ದಾಳೆ, ಕಶ್ಯಪ ಮೆಲ್ಲ ಹತ್ತಿರ ಬಂದು, ಭಾವ, ಪುಡಿ ಇನ್ನೊಂದು ಪ್ಯಾಕೆಟ್ ಹಾಕಿ ನೋಡುವನಾ — ಅವನು ಇನ್ನೂ ನಂಬಿದ್ದಾನೆ, ಏನಾದರೂ ಹೇಳಬೇಕು, ಕಣ್ಣ ಮುಂದೆ ಬರುವುದು ನಿನ್ನೆಯ ಚಿಕ್ಕಿಯ ಆ ನಾಲಗೆ, ಬಕೆಟಿನ ತಳ ನೆಕ್ಕುತ್ತ, ಸಿಗದ ಹಿಟ್ಟಿಗೆ ಚಾಚುತ್ತ, ಸಿಗಲಿ ಎಂದು ಬಕೆಟನ್ನು ವಾಲಿಸಿ ಹಿಡಿದ ನನ್ನ ಕೈ, ಆ ನಾಲಗೆ, ವಾಲಿಸಿ ಹಿಡಿದ ನನ್ನ ಕೈ, ನಾಲಗೆ