ಹಳದಿ ಕೆಳಗಿರಲಿ

ಕಚೇರಿಯ ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದವನು ಮ್ಯಾನೇಜರ್. ಅದಕ್ಕಾಗಿ ಕೆಲಸ ಕಳೆದುಕೊಂಡವಳು ಕಸ ಗುಡಿಸುವವಳು.

ಅದಾಗಿ ಇಪ್ಪತ್ತೊಂದು ವರ್ಷ. ಇವತ್ತು ಅವಳ ದೇಹ ಎರಡು ಕೋಣೆಯ ಮನೆಯ ನಡುವೆ ಮಲಗಿತ್ತು. ತಲೆಯ ಕಡೆಯ ಗೋಡೆಯಲ್ಲಿ ಅದೇ ಚಿತ್ರದ ಅಚ್ಚುಪ್ರತಿ, ಕಪ್ಪು ಚೌಕಟ್ಟಿನೊಳಗೆ, ಅದೂ ತಲೆಕೆಳಗಾಗಿ. ಮೇಲೆ ಅಗಲವಾದ ಕೆಂಪು, ನಡುವೆ ಒಂದು ಕರಿ ಗೆರೆ, ಕೆಳಗೆ ಅಂಗೈಯಗಲ ಹಳದಿ. ಮನುಷ್ಯರಿಲ್ಲ, ಮರವಿಲ್ಲ. ಬಂದವರು ಅವಳನ್ನು ನೋಡಿ, ಅದನ್ನು ನೋಡಿ, ಏನೂ ತಿಳಿಯದೆ ಮತ್ತೆ ಅವಳನ್ನೇ ನೋಡುತ್ತಿದ್ದರು.

ಅವಳ ತಮ್ಮ ಆ ಕಚೇರಿಯಲ್ಲೇ ಗುಮಾಸ್ತ. ಅಂದು ಅವನೂ ಬಾಯಿ ಬಿಟ್ಟಿರಲಿಲ್ಲ. ಆ ಮ್ಯಾನೇಜರ್ ಈಗ ದೊಡ್ಡ ಸಾಹೇಬ, ಹೂಮಾಲೆ ತರುತ್ತಾನಂತೆ. ಚಿತ್ರ ಅವನ ಕಣ್ಣಿಗೆ ಬಿದ್ದರೆ ತನ್ನ ಗತಿಯೇನೆಂದು ಬಾಗಿಲಿಗೂ ಗೋಡೆಗೂ ಓಡಾಡುತ್ತಿದ್ದ ತಮ್ಮ. ಕೊನೆಗೆ, ಮೂಲೆಯಲ್ಲಿ ಕೂತಿದ್ದ ಚೌಕಟ್ಟಿನ ಅಂಗಡಿಯ ಮುದುಕನನ್ನು ಹಿಡಿದುಕೊಂಡ.

“ಯಜಮಾನ್ರೇ, ಈ ಚಿತ್ರಕ್ಕೆ ತೂಗುಹಾಕೋ ಕೊಂಡಿ ಯಾವ ಕಡೆ ಹಾಕ್ಬೇಕು ಅಂತ ನಿಮ್ಗೆ ಗೊತ್ತಾಗ್ಲಿಲ್ವಾ?”

“ಗೊತ್ತಿತ್ತಪ್ಪ. ಕೊಳ್ಳೋಕೆ ಬಂದವ್ರು ಬಿಡಬೇಕಲ್ಲ.”

*

ಅವಳು ಮುದುಕನ ಅಂಗಡಿಗೆ ಬಂದಾಗ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅಚ್ಚುಪ್ರತಿಗಳ ಕಟ್ಟನ್ನು ಒಂದೊಂದಾಗಿ ಮಗುಚುತ್ತಾ ಹೋಗಿ, ಕಳೆದುಹೋದ ನೆಂಟರು ಸಿಕ್ಕಂತೆ ನಿಂತುಬಿಟ್ಟಳು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಇದರ ಧೂಳು ಒರೆಸಿದವಳು ತಾನು ಎಂದಳು. ಅಷ್ಟು ವರ್ಷ ಯಾರಿಗೂ ಕಾಣದ ತಪ್ಪು, ಒಬ್ಬ ಅತಿಥಿ ನಕ್ಕ ದಿನ ತನ್ನ ತಲೆಗೆ ಬಂತು ಎಂದಳು. ಧೂಳು ಒರೆಸುವಾಗ ಇವಳೇ ತಿರುಗಿಸಿರಬೇಕು ಎಂದುಬಿಟ್ಟನಂತೆ ಮ್ಯಾನೇಜರ್.

ಮುದುಕ ಮೂಲೆಯ ಸಹಿ ತೋರಿಸಿ, ಹಳದಿ ಮೇಲಿರಬೇಕಮ್ಮ ಎಂದ.

“ಅವ್ರ ಗೋಡೇಲಿ ಹೆಂಗಾದ್ರೂ ಇರ್ಲಿ. ನಂಗೆ ಕೆಳಗೇ ಬೇಕು. ನೆಲ ಒರೆಸೋಕೆ ಕೂತಾಗ ಹಳದಿ ಸರಿಯಾಗಿ ಕಣ್ಣಿಗೆ ಸಿಕ್ತಿತ್ತು.”

“ತಪ್ಪಾಗುತ್ತೆ.”

“ಈ ತಪ್ಪಿಗೆ ಒಂದು ಕೆಲಸ ತೆತ್ತಿದ್ದೀನಿ. ಇನ್ನು ಇದು ನಂದು.”

*

ಮುದುಕ ಹೇಳಿ ಮುಗಿಸಿದಾಗ ಆಸ್ಪತ್ರೆಯಲ್ಲಿ ಅವಳ ಜೊತೆ ದುಡಿಯುತ್ತಿದ್ದ ಗೆಳತಿಗೆ ಅಳುವಿನ ನಡುವೆಯೇ ನಗು ಬಂತು. ತೀರಿಕೊಂಡವಳು ಸಂಜೆ ಚಹಾ ಹಿಡಿದು, ಗೋಡೆಯ ಮುಂದೆ ಕಾಲು ಚಾಚಿ ಕೂತು, ಇವತ್ತು ಹಳದಿ ಚೆನ್ನಾಗಿದೆ ನೋಡೇ ಎನ್ನುತ್ತಿದ್ದಳಂತೆ. ಆಗ ಅವಳ ಮುಖ ನೋಡಬೇಕಿತ್ತು, ಹಾಲು ಕುಡಿದ ಮಗುವಿನ ಹಾಗೆ.

ಹೊರಗೆ ಕಾರು ನಿಂತ ಸದ್ದಾಯಿತು. ಅಕ್ಕನ ಮಗಳ ಮುಂದೆ ತಮ್ಮ ಸ್ಟೂಲು ಎಳೆದಿಟ್ಟ.

“ಬಂದ್ರು. ಹತ್ತಮ್ಮ, ತಿರುಗಿಸಿಬಿಡು. ಐದು ನಿಮಿಷದ ಮಾತು. ಅವ್ರು ಹೋದ್ಮೇಲೆ ನಿನ್ನಿಷ್ಟ.”

ಮಗಳು ಹತ್ತಿದಳು. ಬಟ್ಟೆಯ ತೋಳಿನ ಅಂಚಿನಿಂದ ಗಾಜು ಒರೆಸಿದಳು, ಅಮ್ಮ ಒರೆಸುತ್ತಿದ್ದಂತೆಯೇ, ಕೆಳಗಿನ ಹಳದಿಯಿಂದ ಶುರುಮಾಡಿ. ಇಳಿದು, ಸ್ಟೂಲನ್ನು ಮಾವನ ಕೈಗೇ ಕೊಟ್ಟಳು.

“ಇಲ್ಲ ಮಾವ. ಬೇಕಾದ್ರೆ ಅವ್ರೇ ನೆಲದ ಮೇಲೆ ಕೂತು ನೋಡ್ಲಿ.”