ಇನ್ನೂರು ಮೀಟರ್ ಆಚೆ

ಕೆಸರು ಬಯಲಿನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೆ, ಅವಳ ಗಂಡನ ತಂಗಿಗೆ. ಆ ತಂಗಿ ಅದೇ ಕಚೇರಿಯಲ್ಲಿ ದಾರಿ ತೋರಿಸುವ ಕೆಲಸಕ್ಕಿದ್ದಳು. ಬೆಳಗಿಂದ ಸಂಜೆಯವರೆಗೆ ಅತ್ತಿಗೆ, ಅತ್ತಿಗೆ ಎಂದು ಅವಳು ಕೂಗುವುದನ್ನು ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಅಂಟಿಕೊಂಡಿತು. ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವರಾದ ಸಾಹೇಬರು ಕೂಡ ಹಾಗೇ ಕರೆಯುತ್ತಿದ್ದರು. ನಾದಿನಿಯ ಉದ್ದುದ್ದ ಕಾಲು, ಕೆಸರಿನಲ್ಲಿ ಎತ್ತೆತ್ತಿ ಇಡುವ ಹೆಜ್ಜೆ ನೋಡಿ ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟವಳು ಅತ್ತಿಗೆ. ಅಲ್ಲಿಗೆ ಇಬ್ಬರೂ ಸರಿಸಮ.

ಕಚೇರಿಯ ಬಾಗಿಲಿನಿಂದಾಚೆಗೆ ನೆಲವೆಂಬುದು ಅರ್ಧ ದಿನ ಇರುತ್ತಿತ್ತು, ಅರ್ಧ ದಿನ ಇರುತ್ತಿರಲಿಲ್ಲ. ಇಳಿತದ ಹೊತ್ತಿಗೆ ಸಮುದ್ರ ಆರು ಕಿಲೋಮೀಟರ್ ಹಿಂದೆ ಸರಿದು ಬೂದು ಕೆಸರನ್ನು ಬಿಟ್ಟುಹೋಗುತ್ತಿತ್ತು. ಉಬ್ಬರದಲ್ಲಿ ಮನುಷ್ಯ ನಡೆಯುವುದಕ್ಕಿಂತ ಬೇಗ ತಿರುಗಿ ಬರುತ್ತಿತ್ತು. ಆ ಕೆಸರಿನ ನಡುವೆ ಉದ್ದಕ್ಕೆ ಮಲಗಿದ್ದ ಒಂದು ಗಟ್ಟಿ ಮರಳಿನ ದಿಬ್ಬವೇ ದಾರಿ. ಅಗಲ ಅರವತ್ತು ಹೆಜ್ಜೆ. ಅದರ ಮೇಲೆ ನಡೆದವರು ಹೋಗಿ ಬಂದರು. ದಡದ ಹತ್ತಿರ ಕೆಸರೂ ಕಾಲು ತಡೆಯುತ್ತಿತ್ತು; ಮುಂದೆ ಹೋಗಿ ದಿಬ್ಬ ಬಿಟ್ಟವರನ್ನು ಅದು ಮೊದಲು ಮೊಣಕಾಲಿಗೆ ಹಿಡಿಯುತ್ತಿತ್ತು, ಆಮೇಲೆ ತೊಡೆಗೆ. ಅಷ್ಟು ಸಾಕು, ಉಳಿದದ್ದನ್ನು ನೀರು ಬಂದು ಮುಗಿಸುತ್ತಿತ್ತು. ದಾರಿಯ ಗುರುತಿಗೆಂದು ನೆಟ್ಟಿದ್ದ ಕಂಬಗಳನ್ನು ಆ ವರ್ಷದ ಬಿರುಗಾಳಿ ಒಂದೂ ಬಿಡದೆ ಕಿತ್ತುಕೊಂಡು ಹೋಗಿತ್ತು. ಕೆಸರಿನ ಮುಖವೇ ಬದಲಾಗಿ, ಹುಟ್ಟಿದಾಗಿನಿಂದ ಅಲ್ಲೇ ಓಡಾಡಿದ ಕೊಕ್ಕರೆಗೂ ಬಯಲು ಗುರುತು ಸಿಗದಂತಾಗಿತ್ತು.

ಹಾಗಾಗಿ ಎಲ್ಲರ ಜೀವ ನಿಂತಿದ್ದದ್ದು ಅತ್ತಿಗೆಯ ಕೋಣೆಯಲ್ಲಿದ್ದ ಆರು ಜಿಪಿಎಸ್ ಡಬ್ಬಿಗಳ ಮೇಲೆ. ಅಂಗೈಯಲ್ಲಿ ಹಿಡಿಯುವಂಥವು, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಆರರವರೆಗೆ ಅಂಕಿ. ಹನ್ನೊಂದು ವರ್ಷಗಳಿಂದ ಅವನ್ನು ಅವಳು ಎಳೆಕೂಸಿನಂತೆ ಸಾಕಿದ್ದಳು. ಬಯಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುವಳು. ಬೆನ್ನಿನ ಮುಚ್ಚಳ ತೆಗೆದು, ಸುತ್ತಲಿನ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸುವಳು. ಒಂದು ಕಾಳು ಮರಳು ಸಿಕ್ಕಿಕೊಂಡಿದ್ದರೂ ನೀರು ಒಳಗೆ ನುಗ್ಗುತ್ತದೆ. ಬ್ಯಾಟರಿ ಕೂರುವ ಸ್ಪ್ರಿಂಗುಗಳಿಗೆ ಉಪ್ಪಿನ ಗಾಳಿಗೆ ಹಸಿರು ಕಿಲುಬು ಹತ್ತುತ್ತಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜುವಳು. ಬ್ಯಾಟರಿ ಬದಲಿಸಿದಾಗ ಅಂಗಳಕ್ಕೆ ಹೋಗಿ, ಡಬ್ಬಿಯನ್ನು ಎದೆಮಟ್ಟಕ್ಕೆ ಹಿಡಿದು, ನಿಂತಲ್ಲೇ ನಿಧಾನವಾಗಿ ಸುತ್ತುವಳು. ಒಳಗಿನ ದಿಕ್ಸೂಚಿಗೆ ಉತ್ತರ ಯಾವುದೆಂದು ಮತ್ತೆ ಕಲಿಸುವ ಕ್ರಮ ಅದು. "ಅತ್ತಿಗೆಗೆ ಮತ್ತೆ ಮೈಮೇಲೆ ಬಂತು" ಎಂದು ಕೊಕ್ಕರೆ ನಗುವಳು.

ಆ ಗುರುವಾರ ಸಂಜೆ ಡಬ್ಬಿಗಳ ಸಾಫ್ಟ್‌ವೇರ್ ಬದಲಿಸಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು. ಅತ್ತಿಗೆ ಒಂದೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕನ್ನು ಮುಗಿಸಿದಳು. ಐದನೆಯದರ ಹೊತ್ತಿಗೆ ಕೇಬಲ್ಲಿನ ತುದಿ ಸಡಿಲವಾಗಿ ಕೈಕೊಟ್ಟಿತು. ಹೊಸ ಸಾಫ್ಟ್‌ವೇರ್ ಒಳಗೆ ಹೋದರೆ ಡಬ್ಬಿ ತನ್ನ ಹಳೆಯ ಅಭ್ಯಾಸಗಳನ್ನೆಲ್ಲ ಮರೆಯುತ್ತದೆಂದು ಅವಳಿಗೆ ಗೊತ್ತಿತ್ತು. ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿಕೊಂಡು ಗಡಿಯಾರ, ಬ್ಯಾಟರಿಯ ಬಗೆ, ಪರದೆಯ ಬೆಳಕು, ಎಲ್ಲವನ್ನೂ ಮತ್ತೆ ಹೊಂದಿಸಿದಳು. ಪಟ್ಟಿಯಲ್ಲಿ ಎಂಟು ಸಾಲುಗಳಿದ್ದವು. ಎಂಟಕ್ಕೂ ಗೀಟು ಬಿತ್ತು.

ಅಷ್ಟರಲ್ಲಿ ಸಾಹೇಬರು ಕಪಾಟಿನ ತಳದಿಂದ ಒಂದು ಹಳೆಯ ನಕ್ಷೆ ಹುಡುಕಿ ತಂದರು. ದಿಬ್ಬದ ಮೇಲಿನ ಏಳು ಗುರುತುಗಳನ್ನು ಅಂಕಿಗಳ ಸಮೇತ ಅದರಲ್ಲಿ ಬರೆದಿತ್ತು. ಬಿರುಗಾಳಿ ಕಂಬಗಳನ್ನು ಕಿತ್ತರೂ ದಿಬ್ಬ ಕದಲಿರಲಿಲ್ಲ ಎಂಬುದನ್ನು ಹಿಂದಿನ ವಾರ ದೋಣಿಯಿಂದ ಕೋಲು ಚುಚ್ಚಿ ನೋಡಿದ್ದರು. ಕೊಕ್ಕರೆ ಮೇಜಿನ ತುದಿಯಲ್ಲಿ ಕೂತು, ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ ಎರಡನೇ ನಂಬರಿನ ಡಬ್ಬಿಗೆ ತುಂಬಿಸಿದಳು. ಅತ್ತಿಗೆ ಪಕ್ಕದಲ್ಲಿ ನಿಂತು ಎರಡು ಸಲ ತಾಳೆ ನೋಡಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಕೊಕ್ಕರೆ ಹೊರಟಳು. ಜೊತೆಗೆ ಚಿಪ್ಪಿನ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳುವ, ರಜೆ ಬಂದರೆ ಕೆಸರಿನಲ್ಲಿ ಚಿಪ್ಪು ಎಣಿಸುವ, ತೆಳ್ಳನೆಯ ಮನುಷ್ಯ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೆಟ್ಟಿಲಿಳಿದು ಇಪ್ಪತ್ತು ಹೆಜ್ಜೆಗೆ ಇಬ್ಬರೂ ಕರಗಿಹೋದರು.

"ಹನ್ನೊಂದಕ್ಕೆ ವಾಪಸ್, ಅತ್ತಿಗೆ. ಅನ್ನಕ್ಕಿಟ್ಟಿರು" ಎಂದ ದನಿಯಷ್ಟೇ ಕೇಳಿಸಿತು.

ಎಂಟು ಗಂಟೆ ಐದು ನಿಮಿಷಕ್ಕೆ ವೈರ್‌ಲೆಸ್ ಗೊರಗೊರ ಎಂದಿತು. "ನಾಲ್ಕನೇ ಗುರುತಿಗೆ ಬಂದ್ವಿ" ಎಂದಳು ಕೊಕ್ಕರೆ. ಸ್ವಲ್ಪ ತಡೆದು, "ನೆಲ ಯಾಕೋ ಮೆತ್ತಗಿದೆ" ಎಂದಳು. ಆಮೇಲೆ ಮಾತಿಲ್ಲ.

"ಮಂಜಿಗೆ ಹಸಿ ಇರತ್ತೆ" ಎಂದು ಸಾಹೇಬರು ಪೇಪರ್ ಮಗುಚಿದರು.

ಅತ್ತಿಗೆಗೆ ಕೂರಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕೆಂದು ಮೂರನೇ ನಂಬರಿನ ಡಬ್ಬಿ ಹಿಡಿದು ಅಂಗಳಕ್ಕೆ ಹೋದಳು. ಅಲ್ಲಿ ಅಳತೆಯವರು ಹೂಳಿದ್ದ ಒಂದು ಕಲ್ಲಿತ್ತು. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅದರ ತಲೆಯ ಮೇಲೆ ಕೆತ್ತಿತ್ತು. ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಕಾದಳು. ಪರದೆಯ ಮೇಲೆ ಒಂಬತ್ತು ಉಪಗ್ರಹಗಳು ಬಂದವು, ಎಲ್ಲದರ ಸಿಗ್ನಲ್ ಗೀಟೂ ಎತ್ತರವಾಗಿತ್ತು. ಆದರೂ ಡಬ್ಬಿ ತೋರಿಸಿದ ಅಂಕಿಗೂ ಕಲ್ಲಿನ ಅಂಕಿಗೂ ತಾಳೆಯಾಗಲಿಲ್ಲ. ವ್ಯತ್ಯಾಸ ಮೂರು ನಾಲ್ಕು ಮೀಟರಿನದಾಗಿದ್ದರೆ ಅದು ದಿನನಿತ್ಯದ್ದು. ಇದು ಇನ್ನೂರು ಮೀಟರ್ ದಾಟಿತ್ತು.

ಒಂದನೇ ನಂಬರ್ ತಂದಿಟ್ಟಳು. ಅದೇ ವ್ಯತ್ಯಾಸ. ನಾಲ್ಕನೆಯದು, ಅದೂ ಹಾಗೆ. ಐದನೆಯದು ಕಲ್ಲಿನ ಅಂಕಿಯನ್ನೇ ತೋರಿಸಿತು. ಆರನೆಯದೂ.



ನಕ್ಷೆ ಬರೆಯುವವರು ಭೂಮಿಯ ಅಳತೆಗೆ ಒಂದು ಆಧಾರ ಹಿಡಿಯುತ್ತಾರೆ. ಅದಕ್ಕೆ ಡೇಟಮ್ ಎನ್ನುತ್ತಾರೆ. ಹಳೆಯ ನಕ್ಷೆಯವರೂ ಕಲ್ಲು ಹೂಳಿದವರೂ ಹಿಡಿದದ್ದು ಒಂದು, ಉಪಗ್ರಹಗಳವರು ಹಿಡಿದದ್ದು ಇನ್ನೊಂದು. ಅದೇ ಅಂಕಿ, ಆದರೆ ನೆಲದ ಮೇಲೆ ಜಾಗ ಬೇರೆ. ಅವಳು ಕೆಲಸಕ್ಕೆ ಸೇರುವ ಮೊದಲೇ ಯಾರೋ ಆರೂ ಡಬ್ಬಿಗಳನ್ನು ಹಳೆಯ ಆಧಾರಕ್ಕೆ ಹೊಂದಿಸಿಟ್ಟಿದ್ದರು. ಹನ್ನೊಂದು ವರ್ಷ ಅದನ್ನು ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಒಂಬತ್ತನೇ ಸಾಲೂ ಇರಲಿಲ್ಲ. ನಿನ್ನೆ ನಾಲ್ಕು ಡಬ್ಬಿಗಳು ಅದನ್ನೂ ಮರೆತು ಉಪಗ್ರಹಗಳವರ ಆಧಾರಕ್ಕೆ ಮರಳಿದ್ದವು. ಮರೆತ ಮೇಲೆ ಕೊಕ್ಕರೆ ಹಳೆಯ ನಕ್ಷೆಯ ಅಂಕಿಗಳನ್ನು ತುಂಬಿಸಿದ್ದಳು. ದಿಬ್ಬದಿಂದ ಇನ್ನೂರು ಮೀಟರ್ ಆಚೆ, ಮೆತ್ತನೆಯ ಕೆಸರಿನಲ್ಲಿ, ಆ ಡಬ್ಬಿ ಇಬ್ಬರನ್ನು ನಡೆಸಿಕೊಂಡು ಹೋಗುತ್ತಿತ್ತು.

ಅವಳು ಒಳಗೆ ಓಡಿ ವೈರ್‌ಲೆಸ್ಸಿನಲ್ಲಿ ಕೂಗಿದಳು. ಗೊರಗೊರ ಬಿಟ್ಟರೆ ಏನೂ ಬರಲಿಲ್ಲ. ವಿಷಯ ಕೇಳಿ ಸಾಹೇಬರು ಪೇಪರ್ ಬಿಟ್ಟು ಎದ್ದರು. "ದೋಣಿಯವರಿಗೆ ಫೋನ್ ಮಾಡ್ತೀನಿ."

"ನೀರು ಬರದೆ ದೋಣಿ ತೇಲಲ್ಲ, ಸಾಹೇಬ್ರೇ. ನೀರು ಬಂದಮೇಲೆ ದೋಣಿ ಹೋಗಿ ಏನು ಮಾಡತ್ತೆ?"

ಗೋಡೆಯ ಮೇಲಿನ ಹಾಳೆಯ ಪ್ರಕಾರ ಇಳಿತದ ತುದಿ ಒಂಬತ್ತೂಕಾಲು. ಆಗ ಎಂಟೂ ನಲವತ್ತು. ಅತ್ತಿಗೆ ನಕ್ಷೆ ಎಳೆದುಕೊಂಡು ಎರಡು ಡಬ್ಬಿಗಳಿಗೆ ನಾಲ್ಕನೆಯ, ಐದನೆಯ ಗುರುತುಗಳ ಅಂಕಿ ತುಂಬಿಸತೊಡಗಿದಳು. ಐದನೇ ನಂಬರಿನದಕ್ಕೆ ಮೊದಲು, ಆಮೇಲೆ ಮೂರನೆಯದಕ್ಕೆ.

"ಅದು ಕೆಟ್ಟಿರೋದಲ್ವಾ? ಮೊದಲು ಸರಿ ಮಾಡಿ" ಎಂದರು ಸಾಹೇಬರು.

"ಸರಿ ಮಾಡಿದ್ರೆ ಅದು ದಿಬ್ಬಕ್ಕೆ ಕರ್ಕೊಂಡು ಹೋಗತ್ತೆ. ಅವರು ದಿಬ್ಬದ ಮೇಲಿಲ್ಲ. ಅವರ ತಪ್ಪು ದಾರೀನೇ ನಂಗೆ ಬೇಕಾಗಿರೋದು." ಅವಳು ಅಂಕಿ ಒತ್ತುತ್ತಲೇ ಇದ್ದಳು. "ದಿಬ್ಬದ ಮೇಲೆ ಹೋಗೋಕೆ ಐದನೆಯದು. ಅವರನ್ನ ಹುಡುಕೋಕೆ ಮೂರನೆಯದು."

ಹೆಗಲಿಗೆ ಹಗ್ಗದ ಸುರುಳಿ, ಹಿಂದೆ ಎಳೆಯಲು ಜಾರುಹಲಗೆ, ಕೊರಳಲ್ಲಿ ಸೀಟಿ ಹಾಕಿಕೊಂಡು ಅವಳು ಮಂಜಿನೊಳಗೆ ಇಳಿದಳು. ಡಬ್ಬಿಗಳನ್ನು ಸಾಕಿದವಳೇ ಹೊರತು ಅವನ್ನು ಹಿಡಿದು ಬಯಲಿನಲ್ಲಿ ಇಷ್ಟು ದೂರ ಹೋದವಳಲ್ಲ. ಮುಂದೆ ಬೂದು, ಹಿಂದೆ ಬೂದು, ಕಾಲಡಿಯೂ ಬೂದು. ಐದನೆಯದರ ಬಾಣ ನೋಡುತ್ತಾ ಅರ್ಧ ಓಟ, ಅರ್ಧ ನಡಿಗೆ. ದಿಬ್ಬ ಗಟ್ಟಿಯಾಗಿತ್ತು. ಅದು ಹಾಗೆ ಗಟ್ಟಿಯಾಗಿದ್ದುದೇ ಅವಳನ್ನು ಹೆದರಿಸಿತು. ಅವರಿಬ್ಬರ ಒಂದೇ ಒಂದು ಹೆಜ್ಜೆಗುರುತೂ ಅದರ ಮೇಲಿರಲಿಲ್ಲ.

ಅರ್ಧ ದಾರಿಯಲ್ಲಿ ನಿಂತು ಸೀಟಿ ಊದಿದಳು. ಮಂಜು ಅದನ್ನು ನುಂಗಿಕೊಂಡಿತು. ಎಲ್ಲೋ ದೂರದಲ್ಲಿ ಯಾರೋ ಬಟ್ಟೆ ಹಿಂಡಿದಂಥ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು: ಇಳಿತ ಮುಗಿದು ಕಾಲುವೆಗಳಲ್ಲಿ ನೀರು ತಿರುಗುತ್ತಿದೆ.

ನಾಲ್ಕನೇ ಗುರುತು ಮುಟ್ಟಿದಾಗ ಹತ್ತು ಗಂಟೆಗೆ ಐದು ನಿಮಿಷವಿತ್ತು. ಅಲ್ಲಿ ಐದನೆಯದನ್ನು ಜೇಬಿಗೆ ಹಾಕಿ ಮೂರನೆಯದನ್ನು ತೆಗೆದಳು. ಅದರ ಬಾಣ ಅಡ್ಡಕ್ಕೆ ತಿರುಗಿತು: ಇನ್ನೂರ ಹತ್ತು ಮೀಟರ್. ಇಪ್ಪತ್ತೈದು ಹೆಜ್ಜೆಗೆ ದಿಬ್ಬ ಮುಗಿದು ಕಾಲು ಹೂತುಕೊಂಡಿತು. ಅವಳು ಹಲಗೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಒದೆಯುತ್ತಾ ಜಾರಿದಳು. ನೂರೈವತ್ತು. ತೊಂಬತ್ತು. ನಲವತ್ತು. ಹತ್ತರ ಹತ್ತಿರ ಹೆಜ್ಜೆಗಳು ಕಂಡವು, ಎರಡು ಸಾಲು, ಆಳವಾಗಿ, ಒಳಗೆ ಆಗಲೇ ನೀರು ನಿಂತಿತ್ತು. ಬಾಣ ಈಗ ಐದನೇ ಗುರುತಿನ ಕಡೆ ತೋರಿಸುತ್ತಿತ್ತು, ಹೆಜ್ಜೆಗಳೂ ಅತ್ತಲೇ ಹೋಗಿದ್ದವು.

"ಕೊಕ್ಕರೇ!" ಎಂದು ಕೂಗಿದಳು.

"ಅತ್ತಿಗೆ, ನಿಲ್ಲು! ಮುಂದೆ ಬರಬೇಡ!"

ಮೇಷ್ಟ್ರು ಸೊಂಟದವರೆಗೆ ಹೂತುಹೋಗಿದ್ದರು. ಅವರ ತುಟಿ ನೀಲಿಗಟ್ಟಿತ್ತು, ಕಣ್ಣು ತೆರೆದೇ ಇದ್ದವು, ಮಾತಿರಲಿಲ್ಲ. ಕೊಕ್ಕರೆ ಕೆಸರಿನ ಮೇಲೆ ಬೋರಲು ಮಲಗಿ ಅವರ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದಿದ್ದಳು. ಸುಮಾರು ಎರಡು ಗಂಟೆ ಹಾಗೇ ಹಿಡಿದಿದ್ದಳಂತೆ. ವೈರ್‌ಲೆಸ್ ಅವರ ಕೆಳಗೆಲ್ಲೋ ಹೂತುಹೋಗಿತ್ತು. ಬಲಗಡೆಯ ತಗ್ಗಿನಲ್ಲಿ ಕೈಯಗಲದ ನೀರು ಸದ್ದಿಲ್ಲದೆ ಹರಿದು ಬರುತ್ತಿತ್ತು.

ಹಲಗೆಯನ್ನು ಮೇಷ್ಟ್ರ ಎದೆಯಡಿ ತಳ್ಳಿದರು. ಹಗ್ಗವನ್ನು ಕಂಕುಳಡಿ ಸುತ್ತಿದರು. ಕೆಸರು ಕಾಲನ್ನು ಬಿಡಬೇಕಾದರೆ ಒಳಗೆ ನೀರು ಹೋಗಬೇಕು. ಕೊಕ್ಕರೆ ಅವರ ತೊಡೆಯ ಪಕ್ಕದಲ್ಲಿ ಭುಜದವರೆಗೆ ಕೈ ತೂರಿಸಿ ಕಲಕಿದಳು, ಅತ್ತಿಗೆ ಮಲಗಿಕೊಂಡೇ ಎಳೆದಳು. ಒಂದು ಕಾಲು ಬಂತು. ತಗ್ಗು ತುಂಬಿ ನೀರು ಮೊಣಕೈ ಮುಟ್ಟಿತು. ಇನ್ನೊಂದು ಕಾಲು ಬರಲಿಲ್ಲ. ನೀರು ಮೇಷ್ಟ್ರ ಎದೆಗೆ ಏರಿದಾಗ ಕೆಸರು ಸಡಿಲವಾಯಿತೋ ಏನೋ, ಬೂಟನ್ನು ಒಳಗೇ ಬಿಟ್ಟು ಕಾಲು ಹೊರಬಂತು. ಬಂದ ರೀತಿ ಮಾತ್ರ ಸರಿಯಿರಲಿಲ್ಲ. ಮೇಷ್ಟ್ರು ಆಗ ಮೊದಲ ಸಲ ಕಿರುಚಿದರು.

ಅವರನ್ನು ಹಲಗೆಗೆ ಕಟ್ಟಿ ಐದನೆಯದರ ಬಾಣ ಹಿಡಿದು ದಿಬ್ಬಕ್ಕೆ ಮರಳಿದರು. ದಡ ಸೇರುವಾಗ ದಿಬ್ಬದ ಮೇಲೂ ನೀರು ಮೊಣಕಾಲು ಮುಟ್ಟಿತ್ತು, ಹಲಗೆ ತಾನಾಗಿಯೇ ತೇಲುತ್ತಿತ್ತು. ಕಾದು ನಿಂತ ದೋಣಿಯವರು ಮೂವರನ್ನೂ ಎತ್ತಿಕೊಂಡರು.

ಮಧ್ಯಾಹ್ನ ಆಸ್ಪತ್ರೆಯ ಓಣಿಯಂಥ ವರಾಂಡದಲ್ಲಿ, ಫಿನಾಯಿಲ್ ವಾಸನೆಯ ನಡುವೆ, ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಕೊಕ್ಕರೆಯ ತೋಳು ಮೇಲೆತ್ತಲು ಬರುತ್ತಿರಲಿಲ್ಲ. ಸಾಹೇಬರು ಬಂದು ತಗ್ಗಿದ ದನಿಯಲ್ಲಿ, "ಮಂಜಿನಿಂದ ದಾರಿ ತಪ್ಪಿತು ಅಂತ ಬರೀತೀನಿ. ಯಾರ ಮೇಲೂ ಬರಲ್ಲ" ಎಂದರು.

"ಮಂಜಲ್ಲ ಸಾಹೇಬ್ರೇ, ನಾನೇ" ಎಂದಳು ಕೊಕ್ಕರೆ. "ಯಾವುದೋ ಅಂಕಿ ತಪ್ಪು ಒತ್ತಿದೀನಿ. ನನ್ನ ಬೆರಳು ಮೊದಲೇ ದಪ್ಪ."

ಸಾಹೇಬರು ಅತ್ತಿಗೆಯ ಮುಖ ನೋಡಿದರು. ಸುಮ್ಮನಿರು ಎಂದಿತ್ತು ಆ ನೋಟ. ಸುಮ್ಮನಿದ್ದರೆ ಆಗಿಹೋಗುತ್ತಿತ್ತು.

"ನೀನು ಸರಿಯಾಗೇ ಒತ್ತಿದ್ದೆ" ಎಂದಳು ಅತ್ತಿಗೆ. ಸಾಫ್ಟ್‌ವೇರಿನಿಂದ ಹಿಡಿದು ಕಲ್ಲಿನವರೆಗೆ ಎಲ್ಲವನ್ನೂ ಹೇಳಿದಳು. "ನಿನ್ನೆ ಒಂದೇ ಒಂದು ಸಲ ಕಲ್ಲಿನ ಮೇಲೆ ಇಟ್ಟು ನೋಡಿದ್ರೆ ಸಾಕಿತ್ತು. ನೋಡಲಿಲ್ಲ."

ಕೊಕ್ಕರೆ ಬೈಯಲಿಲ್ಲ. ಬೈದಿದ್ದರೆ ಅತ್ತಿಗೆಗೆ ಉಸಿರಾಡಲು ಆಗುತ್ತಿತ್ತು.

"ಮೂರನೇ ಗುರುತು ದಾಟಿದಾಗಲೇ ನನ್ನ ಕಾಲಿಗೆ ಗೊತ್ತಾಗಿತ್ತು" ಎಂದಳು ಕೊಕ್ಕರೆ. "ಇದು ದಿಬ್ಬ ಅಲ್ಲ ಅಂತ. ಮೇಷ್ಟ್ರೂ ಕೇಳಿದ್ರು, ವಾಪಸ್ ಹೋಗೋಣ್ವಾ ಅಂತ. ನಾನು ಡಬ್ಬಿ ತೋರಿಸಿದೆ. ಇದನ್ನ ನಮ್ಮ ಅತ್ತಿಗೆ ನೋಡ್ಕೊಳ್ತಾಳೆ, ಇದು ಸುಳ್ಳು ಹೇಳಲ್ಲ ಅಂದೆ."

ಒಳಗಿನಿಂದ ನರ್ಸ್ ಬಂದು, ಮೇಷ್ಟ್ರ ಜೀವಕ್ಕೆ ಅಪಾಯವಿಲ್ಲ, ಆದರೆ ಎಡಗಾಲಿನ ಪಾದಕ್ಕೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿಲ್ಲ ಎಂದಳು. ಆ ಪಾದಕ್ಕೆ ಮತ್ತೆ ಸ್ಪರ್ಶ ಬರಲೇ ಇಲ್ಲ.

ಸಾಹೇಬರು ಇದ್ದದ್ದನ್ನು ಇದ್ದ ಹಾಗೆ ಬರೆದರು. ಅತ್ತಿಗೆಯ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಒಂದು ಕಾಗದ ಬಂತು, ಅಷ್ಟೆ. ಕೊಕ್ಕರೆ ಬಯಲಿನ ಕೆಲಸ ಬಿಟ್ಟು ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಮಾತು ಬಿಡಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಅಣ್ಣ ಬಂದನಾ ಎಂಬಷ್ಟು ಮಾತಿತ್ತು. ಅಣ್ಣನಾದವನು ಇಬ್ಬರ ನಡುವೆ ಕೂತು ಊಟ ಮಾಡಿ ಎದ್ದುಹೋಗುತ್ತಿದ್ದ.

ಒಂದು ದಿನ ಬೆಳಿಗ್ಗೆ ಅಡುಗೆಮನೆಯಿಂದ ಅತ್ತಿಗೆ ನೋಡಿದಳು. ಕೊಕ್ಕರೆ ನಡುಮನೆ ದಾಟಿ ಬರುತ್ತಿದ್ದಳು. ಸಿಮೆಂಟಿನ ನೆಲ, ಆಗಷ್ಟೇ ಒರೆಸಿ ಒಣಗಿದ್ದು. ಅವಳು ಹಿಮ್ಮಡಿ ಊರಿ, ಒಂದು ಕ್ಷಣ ತಡೆದು, ಆಮೇಲೆ ಮೈಭಾರ ಬಿಡುತ್ತಿದ್ದಳು. ಮತ್ತೆ ಹಿಮ್ಮಡಿ, ಮತ್ತೆ ತಡೆ. ತಾನು ಹಾಗೆ ನಡೆಯುತ್ತಿರುವುದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಹೊಸ್ತಿಲ ಹತ್ತಿರ ಬಂದು ನಿಂತು, ನೆಲ ನೋಡುತ್ತಲೇ, "ಕಾಫಿ ಇದೆಯಾ?" ಎಂದಳು.

ಅತ್ತಿಗೆ ಬಗ್ಗಿಸಿ ಕೊಟ್ಟಳು. ಕೊಕ್ಕರೆ ಲೋಟ ಹಿಡಿದ ಮೇಲೂ ತನ್ನ ಕೈ ಬಿಡುವುದಕ್ಕೆ ಅತ್ತಿಗೆಗೆ ಸ್ವಲ್ಪ ಹೊತ್ತು ಹಿಡಿಯಿತು.