ಹಿಂದಿನ ಕ್ಯಾಮೆರಾಕ್ಕೆ ಹೊಳೆವ್ವನ ಬಡಿಗೆ ಪರೀಕ್ಷೆ

ಬೋರಗಾಂವದ ಕಾಡಸಿದ್ದ ನಾಲ್ಕು ಕುರಿ ಮಾರಿ, ಮೇಲೊಂದಿಷ್ಟು ಸೇರಿಸಿ ಹಳೆಯ ಕಾರು ತಂದ. ಮೊಣಕಾಲು ನೋವಿನ ತಾಯಿ ಹೊಳೆವ್ವನನ್ನು ಇನ್ನು ಬಸ್ಸಿನಲ್ಲಿ ನಿಲ್ಲಿಸಬಾರದು ಎಂಬುದು ಅವನ ಹಟ. ಮುಗಳಖೋಡದಲ್ಲಿ ಅವಳ ಮರಿಮಗನನ್ನು ತೊಟ್ಟಿಲಿಗೆ ಹಾಕುವ ದಿನವೂ ಹತ್ತಿರ ಬಂದಿತ್ತು.

ಕಾರಿಗೆ ಡ್ಯಾಶ್‌ಕ್ಯಾಮ್ ಇತ್ತು. ಮುಂದೊಂದು ಕ್ಯಾಮೆರಾ, ಹಿಂದೆ ನಂಬರ್ ಪ್ಲೇಟಿನ ಮೇಲೊಂದು. ಚಿತ್ರವೆಲ್ಲ ಡ್ರೈವರನ ಮುಂದಿನ ಪರದೆಯಲ್ಲಿ ಕಾಣುತ್ತಿತ್ತು. ಅಮಾವಾಸ್ಯೆಗೆ ಭಂಡಾರದ ಅರಿಸಿನ ಹಾರಿಸಿ ಕಾರಿನ ಪೂಜೆ ಮಾಡಿದ ಕಾಡಸಿದ್ದನಿಗೆ ಹಿಂದುಗಡೆ ನಿಂಬೆಹಣ್ಣು ಕಟ್ಟಲು ಜಾಗ ಸಿಗಲಿಲ್ಲ. ಕ್ಯಾಮೆರಾವನ್ನು ಹಿಡಿದಿದ್ದ ಪಟ್ಟಿ ಕಣ್ಣಿಗೆ ಬಿತ್ತು. ಸ್ಕ್ರೂ ಬಿಚ್ಚಿ, ಪಟ್ಟಿ ಕೆಳಗೆ ಬರುವಂತೆ ಕ್ಯಾಮೆರಾ ತಿರುಗಿಸಿ ಬಿಗಿದು, ಅದಕ್ಕೆ ನಿಂಬೆಹಣ್ಣು ಜೋತುಬಿಟ್ಟ.

ರಿವರ್ಸ್ ಗೇರ್ ಹಾಕಿದರೆ ಪರದೆಯಲ್ಲಿ ಅಂಗಳದ ಕುರಿಗಳೆಲ್ಲ ಕಾಲು ಮೇಲೆ ಮಾಡಿ ಮೇಯುತ್ತಿದ್ದವು! ಕಾಡಸಿದ್ದ ಸೆಟ್ಟಿಂಗ್‌ಗೆ ಹೋಗಿ ಏನೇನೋ ಒತ್ತಿದ. ಕುರಿಗಳು ನೆಟ್ಟಗೆ ನಿಂತವು. "ನಾವೇನ್ ಕಡಿಮಿ ಇಲ್ಲ ಬಿಡು" ಎಂದು ಮೀಸೆ ತಿರುವಿದ.

ತೊಟ್ಟಿಲ ದಿನ ಹೊಳೆವ್ವ ಹೊಸ ಸೀರೆ ಉಟ್ಟು, ಬಡಿಗೆ ಊರಿಕೊಂಡು, ಕೂಸಿನ ಕುಂಚಿಗೆಯ ಗಂಟು ಹಿಡಿದು ಕಾರಿನ ಹಿಂದೆ ನಿಂತಿದ್ದಳು. ಪರದೆಯಲ್ಲಿ ಅವ್ವ ಎಡಕ್ಕಿದ್ದಳು. ಕಾಡಸಿದ್ದ ಕನ್ನಡಿಯತ್ತ ನೋಡಲೂ ಇಲ್ಲ, ನಿಶ್ಚಿಂತೆಯಿಂದ ಕಾರನ್ನು ಬಲಕ್ಕೆ ಹಿಂದೆ ತೆಗೆದುಕೊಂಡ.

ಧಡ್! ಅವ್ವನ ಪಕ್ಕದಲ್ಲಿದ್ದ ನೀರಿನ ಕೊಡ ಚಪ್ಪಟೆಯಾಯಿತು.

"ಲೇ ಕಾಡ್ಯಾ! ಹಡದ ತಾಯಿನ್ನ ಕೊಲ್ಲಾಕ ಕಾರ್ ತಂದೀಯೇನಲೇ?"

ಐದು ವರ್ಷದಿಂದ ಮೊಣಕಾಲು ಮಡಚದ ಹೊಳೆವ್ವ ಆಡಿನ ಹಾಗೆ ಜಿಗಿದು ಎತ್ತರದ ಕಟ್ಟೆಯ ಮೇಲೆ ನಿಂತಿದ್ದಳು. ಕಾಡಸಿದ್ದ ಗಕ್ಕನೆ ಬ್ರೇಕ್ ಒತ್ತಿದ. ಒಂದು ಗೇಣು ಅತ್ತಿತ್ತ ಆಗಿದ್ದರೆ ಅವ್ವ ಉಳಿಯುತ್ತಿರಲಿಲ್ಲ.

"ನಾ ಬಸ್ಸಿಗೇ ಹೋಗ್ತೀನಿ. ಈ ಗಾಡ್ಯಾಗ ಕಾಲಿಡಂಗಿಲ್ಲ" ಎಂದಳು ಹೊಳೆವ್ವ.

ಗದ್ದಲ ಕೇಳಿ ಪಕ್ಕದ ಮನೆಯ ಉಜ್ವಲಾ ಓಡಿ ಬಂದಳು. ಮಗ್ಗದ ಸೀರೆಗಳನ್ನು ಗೂಡ್ಸ್ ಗಾಡಿಯಲ್ಲಿ ಸಾಗಿಸುವ ಡ್ರೈವರ್ ಅವಳು.

"ಕ್ಯಾಮೆರಾ ಕೆಟ್ಟೈತಿ ಉಜ್ವಲಾ, ಹೊಸಾದು ಹಾಕಬೇಕು" ಎಂದ ಕಾಡಸಿದ್ದ.

"ತಡೀರಿ ಕಾಕಾ. ಇಂಜಿನ್ ಬಂದ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕ್ರಿ, ಕೀಲಿ ಅಷ್ಟ ಆನ್ ಇರಲಿ. ಆಯಿ, ನೀವು ಬಡಿಗಿ ಎತ್ತಿ ಹಿಡಕೊಂಡು ಅಲ್ಲಿ ದೂರ, ಬಲಕ್ಕ ನಿಲ್ರಿ. ಕಾಕಾ, ಕನ್ನಡ್ಯಾಗ ಬಡಿಗಿ ಯಾ ಕಡೆ ಐತಿ?"

"ಬಲಕ್ಕ."

"ಪರದ್ಯಾಗ?"

"ಎಡಕ್ಕ... ಅರೇ!"

"ಎರಡ್ರಾಗೂ ಒಂದ ಕಡೆ ಕಾಣಬೇಕ್ರಿ. ಕ್ಯಾಮೆರಾ ಉಲ್ಟಾ ಕೂಡಿಸಿದ್ರ ಮ್ಯಾಲ-ಕೆಳಗೂ ಬದಲಾಗ್ತೈತಿ, ಎಡ-ಬಲಾನೂ ಬದಲಾಗ್ತೈತಿ. ನೀವು ಸೆಟ್ಟಿಂಗ್‌ನ್ಯಾಗ ಮ್ಯಾಲ-ಕೆಳಗ ಅಷ್ಟ ಸರಿ ಮಾಡೀರಿ. ಎಡ-ಬಲ ಹಂಗ ಉಳದೈತಿ."

"ಅಂದ್ರ ಕ್ಯಾಮೆರಾ ಕೆಟ್ಟಿಲ್ಲ?"

"ಅದೇನ್ ಮಾಡೀತ್ರಿ? ಅದನ್ನ ಶೀರ್ಷಾಸನಕ್ಕ ಹಾಕೀರಿ, ಕೊಳ್ಳಾಗ ನಿಂಬಿಹಣ್ಣು ಬ್ಯಾರೆ!"

ಉಜ್ವಲಾ ನಿಂಬೆಹಣ್ಣು ಬಿಚ್ಚಿ, ಕ್ಯಾಮೆರಾವನ್ನು ಮೊದಲಿನಂತೆ ಕೂಡಿಸಿ, ಮಸೂರಕ್ಕೆ ಮೆತ್ತಿದ್ದ ಭಂಡಾರ ಒರೆಸಿದಳು. ಸೆಟ್ಟಿಂಗ್ ತೆರೆಯಲು ಕ್ಯಾಮೆರಾದ ರೆಕಾರ್ಡಿಂಗ್ ನಿಲ್ಲಿಸಿ, ಕಾಡಸಿದ್ದ ಬದಲಿಸಿದ್ದನ್ನು ಮತ್ತೆ ಹಳೆಯದಕ್ಕೇ ತಂದಳು. ಈಗ ಬಡಿಗೆ ಬಲಕ್ಕೇ ಕಂಡಿತು. ಹೊಳೆವ್ವ ನಂಬಲಿಲ್ಲ. ಎಡಕ್ಕೆ ಹೋದಳು, ಬಲಕ್ಕೆ ಬಂದಳು, ಮತ್ತೆ ಎಡಕ್ಕೆ ಹೋದಳು. ಅವಳ ಹಿಂದೆ ಅಂಗಳದ ಟಗರೂ ಅತ್ತಿತ್ತ ಓಡಾಡಿತು.

"ಕ್ಯಾಮೆರಾ ಸರಿ ಇದ್ರೂ ಇಳದು ಒಮ್ಮೆ ಹಿಂದ ನೋಡ್ರಿ ಕಾಕಾ. ಗಾಲಿ ಬಾಜೂಕ ಕೂಸು ಕುಂತ್ರ ಅದಕ್ಕ ಕಾಣೂದಿಲ್ಲ" ಎಂದಳು ಉಜ್ವಲಾ.

ಅಂದು ಸಂಜೆ ಮುಗಳಖೋಡದ ಅಂಗಳದ ತುಂಬ ಮಕ್ಕಳಿದ್ದರು. ಊರಿಗೆ ಮರಳಿ ಹೊರಡುವ ಮುನ್ನ ಕಾಡಸಿದ್ದ ಕಾರನ್ನು ಒಂದು ಸುತ್ತು ಹಾಕಿ, ಮಕ್ಕಳನ್ನೆಲ್ಲ ಕಟ್ಟೆಗೆ ಹತ್ತಿಸಿ ಬಂದು ಕೂತ. ಹೊಳೆವ್ವ ದೂರದಿಂದ ಬಡಿಗೆ ಎತ್ತಿ ಕೂಗಿದಳು:

"ನಾ ಎಲ್ಲಿದೀನಲೇ?"

"ಬಲಕ್ಕ, ಅವ್ವಾ!"

"ಹಂಗಾರ ಕೂಡ್ತೀನಿ ತಡಿ."

ಗಾಡಿ ಇಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಿಂದಿನ ಕ್ಯಾಮೆರಾವನ್ನೂ ಇಂದೇ ಹೀಗೆ ಪರೀಕ್ಷಿಸಿ. ಬಲಕ್ಕೆ ಇರುವುದು ಪರದೆಯಲ್ಲೂ ಬಲಕ್ಕೇ ಕಾಣಬೇಕು. ರಿಪೇರಿಯಾದಾಗ, ಗಾಡಿ ತೊಳೆದಾಗ, ಪೂಜೆ ಮಾಡಿದಾಗ ಮತ್ತೊಮ್ಮೆ ನೋಡಿ. ನಿಂಬೆಹಣ್ಣನ್ನು ಬೇರೆ ಕಡೆ ಕಟ್ಟಿ. ಗಾಡಿಯ ಹಿಂದೆ ನಿಂತವರೆಲ್ಲರಿಗೂ ಹೊಳೆವ್ವನಂತೆ ಕಟ್ಟೆ ಹತ್ತಲು ಆಗುವುದಿಲ್ಲ.